ನಿದ್ದೆಗೆಟ್ಟ ನಾಯಕನ ಮೂರನೇ ಸುತ್ತು

ಮೊದಲು ಆ ಕಾಲು ಆಡಿಸೋದು ನಿಲ್ಲಿಸು. ಕೌದಿ ಎಲ್ಲಾ ಒದ್ದು ಒದ್ದು ಮುದ್ದೆ ಮಾಡಿಟ್ಟಿದ್ದೀಯ. ಅದು ಆಷಾಢದ ಗಾಳಿ ಕಣೆ ಕೂಸೇ, ಅದರ ಪಾಡಿಗೆ ಅದು ಬರುತ್ತೆ, ಹೋಗುತ್ತೆ, ನಿನ್ನನ್ನ ಹುಡುಕ್ಕೊಂಡೇನೂ ಬಂದಿಲ್ಲ. ಇಲ್ಲಿ ಬಾ, ನನ್ನ ಪಕ್ಕಕ್ಕೆ ಬಾ. ಕೈ ಕೊಡು. ಹಾಂ. ಕತೆ ಹೇಳ್ತೀನಿ, ಆದ್ರೆ ಮೊನ್ನೆ ಥರ ನಡುವೆ ನಡುವೆ ಎದ್ದು ಕೂತ್ಕೊಂಡ್ರೆ ಅಲ್ಲಿಗೇ ನಿಲ್ಲಿಸಿಬಿಡ್ತೀನಿ ನೋಡು.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಾಲುಹಲ್ಲು ಮೂಡಿರದ ಕಾಲದಲ್ಲಿ, ಕೊಕ್ಕರೆಗುಡ್ಡ ಅಂತ ಒಂದು ಗುಡ್ಡ ಇತ್ತಂತೆ. ಗುಡ್ಡದ ಮೇಲೆ ಒಂದು ಅರಮನೆ, ಗುಡ್ಡದ ಕೆಳಗೆ ಒಂದು ಊರು. ಆ ಅರಮನೇಲಿ ತಿಪ್ಪನಾಯಕ ಅಂತ ಒಬ್ಬ ಪಾಳೆಗಾರ ಇದ್ನಂತೆ. ನಗಬೇಡ. ಹೆಸರು ಹಂಗ್ಯಾಕೆ ಅಂದ್ರೆ, ಅವರಮ್ಮನಿಗೆ ಹುಟ್ಟಿದ ಮಕ್ಕಳೆಲ್ಲಾ ತೀರಿಕೊಳ್ತಿದ್ವಂತೆ, ಇದೊಂದಾದ್ರೂ ಉಳೀಲಿ ಅಂತ ಹುಟ್ಟಿದ ಕೂಡಲೇ ತಿಪ್ಪೆ ಮೇಲೆ ಒಂದು ಸಾರಿ ಹೊರಳಿಸಿ ಎತ್ಕೊಂಡು ಆ ಹೆಸರಿಟ್ರಂತೆ. ಕಸದ ಕೂಸು ಅಂದ್ಕೊಂಡು ಜವರಾಯ ಮುಟ್ಟದೇ ಹೋಗ್ಲಿ ಅಂತ. ಮಗು ಉಳೀತು, ಅವರಮ್ಮ ಉಳೀಲಿಲ್ಲ.

ಆಮೇಲೆ ಊರೊಳಗೆ ಕೆಂಚವ್ವ ಅಂತ ಒಬ್ಬಳು ಹಸಿ ಬಾಣಂತಿ ಇದ್ಳಂತೆ, ಕೂಸನ್ನ ತಂದು ಅವಳ ಮಡಿಲಿಗೆ ಹಾಕಿದ್ರಂತೆ. ಅವಳೋ, ಹಾಲು ನನ್ನ ಮಗಳಿಗೂ ಇದೆ, ಈ ತಿಪ್ಪನಿಗೂ ಇದೆ ಅಂತ ಎರಡನ್ನೂ ಸಾಕಿದ್ಳಂತೆ. ಬೆಳಗಿನ ಜಾವ ರಾಗಿ ಬೀಸೋಕೆ ಕೂತ್ರೆ ಇವನನ್ನ ಚಾಚಿದ ಕಾಲಿನ ಮೇಲೆ ಹಾಕ್ಕೊಳ್ಳೋಳಂತೆ. ಒಂದು ಕೈಲಿ ಬೀಸೋಕಲ್ಲಿನ ಗೂಟ, ಇನ್ನೊಂದು ಕೈಲಿ ಒಂದೊಂದೇ ಹಿಡಿ ಕಾಳು. ಕಲ್ಲು ಗರ್ರ್ ಗರ್ರ್ ಅಂತ ತಿರುಗ್ತಾ ಇದ್ರೆ ಕೂಸಿಗೆ ನಿದ್ದೆ, ಕಲ್ಲು ನಿಂತ್ರೆ ಕೂಸು ಎದ್ದು ಕಿಟಾರನೆ ಕಿರುಚೋದು. ಎಂಥಾ ಮೊಂಡು ಕೂಸೋ ಇದು, ನನ್ನ ರಟ್ಟೆ ಬಿದ್ದೋಗುತ್ತೆ ಅಂತ ಬೈಕೊಂಡು ಬೈಕೊಂಡು ಬೀಸ್ತಿದ್ಳಂತೆ.

ಹಂಗೇ ಕೂಸು ದೊಡ್ಡದಾಯ್ತು, ಅರಮನೆಗೆ ವಾಪಸ್ ಹೋಯ್ತು, ಪೇಟ ಕಟ್ಕೊಂಡು ನಾಯಕ ಆಯ್ತು. ಮದುವೆ ಆಯ್ತು, ಮೂರು ಜನ ಗಂಡುಮಕ್ಕಳೂ ಆದ್ರು. ಎಲ್ಲಾ ಇತ್ತು ಕಣೆ, ಆದ್ರೆ ಒಂದು ಕಡೆ ಕೂತ್ಕೊಳ್ಳೋ ಜೀವ ಅಲ್ಲ ಅದು. ಊಟಕ್ಕೆ ಕೂತ್ರೆ ಅರ್ಧಕ್ಕೇ ಎದ್ದು ಕಿಟಕೀಲಿ ಇಣುಕೋದು. ಯಾರೋ ಬರ್ತಿದ್ದಾರೆ, ದೂಳು ಏಳ್ತಿದೆ ನೋಡ್ರೋ ಅನ್ನೋದು. ನೋಡಿದ್ರೆ ದನ ಮನೆಗೆ ಬರ್ತಿರೋದು. ಮಲಗಿದ್ರೆ ಆ ಮಗ್ಗುಲು ಈ ಮಗ್ಗುಲು, ಥೇಟ್ ನಿನ್ನ ಹಾಗೇ. ಆದ್ರೆ ಬೆಳಗಿನ ಜಾವ, ಕೆಳಗಡೆ ಊರಿನ ಸಾವಿರ ಮನೇಲಿ ಸಾವಿರ ಬೀಸೋಕಲ್ಲು ತಿರುಗೋಕೆ ಶುರುವಾದ್ರೆ, ಆ ಸದ್ದು ಗುಡ್ಡ ಹತ್ತಿ ಬಂದ್ರೆ, ಅವನಿಗೆ ಹಂಗೇ ಒಂದಿಷ್ಟು ಜೋಂಪು ಹತ್ತೋದಂತೆ. ಆ ನಿದ್ದೆ ಯಾಕೆ ಬರುತ್ತೆ ಅಂತ ಅವನಿಗೇ ಗೊತ್ತಿರಲಿಲ್ಲ.

ಒಂದು ದಿನ ಅವನ ತಲೇಲಿ ಒಂದು ಲೆಕ್ಕ ಕೂತ್ಬಿಡ್ತಂತೆ. ನನಗೆ ನಿದ್ದೆ ಯಾಕೆ ಬರಲ್ಲ? ಪಕ್ಕದ ಸೀಮೆ ಪಾಳೆಗಾರ ಬಂದುಬಿಟ್ರೆ ಅನ್ನೋ ಭಯಕ್ಕೆ. ಭಯ ಯಾಕೆ? ಕೋಟೆ ಇಲ್ಲದ್ದಕ್ಕೆ. ಹಂಗಾದ್ರೆ ಕೋಟೆ ಕಟ್ಟಿಸಿದ್ರೆ ನಿದ್ದೆ ಬರುತ್ತೆ! ಅಷ್ಟೇ. ಕಲ್ಲುಕುಟಿಗ ಸೂರಪ್ಪನ್ನ ಕರೆಸಿದ, ಗುಡ್ಡದಲ್ಲಿರೋ ಬಂಡೆ ಎಲ್ಲಾ ಸೀಳಿಸಿದ, ಅರಮನೆ ಸುತ್ತ ಮೊದಲನೇ ಸುತ್ತು ಎದ್ದೇ ಬಿಡ್ತಂತೆ. ಗುಡ್ಡ ಬೋಳಾಯ್ತು. ಬಂಡೆ ಮೇಲೆ ಕೂತ್ಕೊಳ್ತಿದ್ದ ಕೊಕ್ಕರೆ ಎಲ್ಲಾ ಒಂದೆರಡು ಸಾರಿ ಸುತ್ತು ಹೊಡೆದು, ಕೂರೋಕೆ ಜಾಗ ಕಾಣದೆ ಎದ್ದು ಹೋದ್ವಂತೆ. ಹೆಸರು ಮಾತ್ರ ಉಳೀತು.

ಗೋಡೆ ಎದ್ದ ಮೇಲೆ ನಾಯಕ ಎಂಟು ದಿನ ಚೆನ್ನಾಗಿ ಮಲಗಿದ. ಒಂಬತ್ತನೇ ದಿನಕ್ಕೆ ಮತ್ತೆ ಕಣ್ಣು ಪಿಳಿಪಿಳಿ. ನಿದ್ದೆ ಬರಲಿಲ್ಲ ಅಂದ್ರೆ ಕೋಟೆ ಸಾಲದು ಅಂತ ತಾನೇ ಅರ್ಥ, ಕಟ್ರೋ ಇನ್ನೊಂದು ಸುತ್ತು ಅಂದ್ನಂತೆ. ಕಲ್ಲೆಲ್ಲಿದೆ ಬುದ್ದಿ, ಗುಡ್ಡ ಖಾಲಿ ಅಂದ ಸೂರಪ್ಪ. ಊರಲ್ಲಿಲ್ವಾ ಅಂದ ನಾಯಕ. ಆಮೇಲೆ ಊರೊಳಕ್ಕೆ ಬಂಡಿ ಇಳಿದ್ವು. ಬಾವಿಯ ಮೆಟ್ಟಿಲು ಕಿತ್ರು, ಬಟ್ಟೆ ಒಗೆಯೋ ಕಲ್ಲು ಎತ್ತಿದ್ರು, ಅರಳಿಕಟ್ಟೆ ಬಿಚ್ಚಿದ್ರು. ಹೆಂಗಸ್ರು ನೀರಿಗೆ ಹೋಗಬೇಕು ಅಂದ್ರೆ ಹಗ್ಗ ಹಿಡ್ಕೊಂಡು ಬಾವಿಗೆ ಜೋತು ಬೀಳಬೇಕು, ಮುದುಕ್ರು ಹರಟೆ ಹೊಡೀಬೇಕು ಅಂದ್ರೆ ನಿಂತ್ಕೊಂಡೇ ಹೊಡೀಬೇಕು. ಎರಡನೇ ಸುತ್ತು ಎದ್ದಿತು. ನಾಯಕ ಮತ್ತೆ ಎಂಟು ದಿನ ಮಲಗಿದ, ಒಂಬತ್ತನೇ ದಿನ ಮತ್ತೆ ಎದ್ದು ಕೂತ.

ಹೂಂ, ಮೂರನೇದು. ಅದಕ್ಕೇ ಬರ್ತಿದ್ದೀನಿ, ಅವಸರ ಮಾಡ್ಬೇಡ.

ಊರ ತುಂಬಾ ಡಂಗುರ ಹೊಡೆಸಿದ್ರಂತೆ. ಮೂರನೇ ಸುತ್ತಿಗೆ ಮನೆಗೊಂದು ಕಲ್ಲು ಕೊಡಬೇಕು, ಕೊಡದ ಮನೆ ಗೋಡೇನೇ ಕೆಡವಿ ತಗೊಳ್ತೀವಿ ಅಂತ. ಮನೇಲಿ ಕಲ್ಲು ಅಂದ್ರೆ ಇನ್ನೇನಿರುತ್ತೆ ಹೇಳು? ಎಲ್ಲರ ಮನೇಲೂ ಉಳಿದಿದ್ದು ಒಂದೇ, ಬೀಸೋಕಲ್ಲು. ಹೆಂಗಸ್ರೆಲ್ಲಾ ಬಾವಿ ಹತ್ರ ಸೇರಿ ತಲೆ ಮೇಲೆ ಕೈ ಹೊತ್ಕೊಂಡ್ರು. ಆ ಊರಲ್ಲಿ ಒಂದು ಕಟ್ಟಳೆ ಇತ್ತಂತೆ. ಬೀಸೋಕಲ್ಲಿಗೆ ಎರಡು ಹೋಳು ಇರುತ್ತಲ್ಲ, ಕೆಳಗಿಂದು ಒಂದು, ಮೇಲಿಂದು ಒಂದು. ಆ ಎರಡೂ ಹೋಳು ಹೊಸ್ತಿಲು ದಾಟಿದ್ರೆ ಆ ಮನೆ ಒಲೆ ಆರಿದ ಹಾಗೇ ಅಂತ. ಮನೆ ಬದಲಾಯಿಸುವಾಗ ಕೂಡ ಮೊದಲು ಒಂದು ಹೋಳು ಹೊಸ ಮನೆಗೆ ಹೋಗಿ, ಅಲ್ಲಿ ಅರಿಶಿನ ಹಚ್ಚಿಸ್ಕೊಂಡು ಕೂತ ಮೇಲೇನೇ ಇನ್ನೊಂದು ಹೊರಡ್ತಿದ್ದದ್ದು.

ಆಗ ಕೆಂಚವ್ವ, ಅಷ್ಟೊತ್ತಿಗೆ ಅವಳು ಹಣ್ಣು ಮುದುಕಿ, ಬಾಯಲ್ಲಿ ಒಂದು ಹಲ್ಲಿಲ್ಲ, ಅವಳು ಅಂದ್ಳಂತೆ, ಕೇಳಿದ್ದು ಒಂದು ಕಲ್ಲು ತಾನೇ ಕಣ್ರವ್ವಾ, ಮೇಲಿನ ಹೋಳು ಕೊಟ್ಬಿಡಾಣ, ಕೆಳಗಿಂದು ಮನೇಲೇ ಇರ್ಲಿ. ಅದು ಇಲ್ಲಿದ್ರೆ ಇದು ಎಲ್ಲಿ ಹೋದ್ರೂ ಒಂದು ದಿನ ಬಂದೇ ಬರುತ್ತೆ. ಹಂಗಂದು ಎಲ್ಲರಿಗಿಂತ ಮುಂಚೆ ತನ್ನ ಕಲ್ಲನ್ನ ತಾನೇ ಉರುಳಿಸ್ಕೊಂಡು ಹೋಗಿ ಬಂಡಿ ಹತ್ರ ಬಿಟ್ಳಂತೆ. ನನ್ನ ಹಾಲು ಕುಡಿದೋನು ಕೇಳಿದ್ದಾನೆ, ನಾನೇ ಮೊದಲು ಕೊಡಬೇಕು ಅಂತ. ಹಂಗೆ ಸಾವಿರ ಮನೆಯ ಸಾವಿರ ಮೇಲ್ಗಲ್ಲು ಗುಡ್ಡ ಹತ್ತಿದ್ವು. ಸೂರಪ್ಪ ಅವನ್ನ ನಿಲ್ಲಿಸಿ ನಿಲ್ಲಿಸಿ, ನಡುವೆ ಗಾರೆ ತುಂಬಿ, ಒಂದೇ ಕಲ್ಲಿನ ದಪ್ಪಕ್ಕೆ ಮೂರನೇ ಗೋಡೆ ಎಬ್ಬಿಸಿದ.

ಈಗ ಹೇಳು, ಮೇಲಿನ ಕಲ್ಲಿನ ನಡುವೆ ಏನಿರುತ್ತೆ? ತೂತು! ಕಾಳು ಹಾಕೋ ಬಾಯಿ. ಗೋಡೆಗೆ ಸಾವಿರ ಬಾಯಿ. ನಾಯಕ ಮಲಗೋಕೆ ಹೋದ, ಆಷಾಢ ಬಂತು, ಗಾಳಿ ಎದ್ದಿತು ನೋಡು, ಹೂಂಂಂ ಅಂತ ಒಂದು ಕಲ್ಲು, ಹೋಓಓ ಅಂತ ಇನ್ನೊಂದು, ಕುಯ್ಯೋ ಅಂತ ಮತ್ತೊಂದು. ಸಾವಿರ ಬಾಯಿ ಒಟ್ಟಿಗೆ ಗೋಳಾಡಿದ್ರೆ ಹೆಂಗಿರುತ್ತೆ? ಈ ಸಾರಿ ಎಂಟು ದಿನ ಅಲ್ಲ, ಎಂಟು ಗಳಿಗೇನೂ ನಿದ್ದೆ ಇಲ್ಲ. ಜೊತೆಗೆ ಬೆಳಗಿನ ಜಾವದ ಆ ಒಂದಿಷ್ಟು ಜೋಂಪು ಇತ್ತಲ್ಲ, ಅದೂ ಹೋಯ್ತು. ಕಣ್ಣು ಕೆಂಪು ಮೆಣಸಿನಕಾಯಿ, ಮಾತು ಎತ್ಲಿಂದೆತ್ಲಿಗೋ. ಕೊನೆಗೆ ಎದೆ ಮೇಲೆ ಕೈಯಿಟ್ಟು ಹೇಳಿಬಿಟ್ನಂತೆ, ಅಮಾವಾಸ್ಯೆ ಒಳಗೆ ನನಗೆ ನಿದ್ದೆ ಬರಲಿಲ್ಲ ಅಂದ್ರೆ ನಾಲ್ಕನೇ ಸುತ್ತು. ಅದಕ್ಕೆ ಊರಿನ ಮನೆಗಳನ್ನೇ ಕೆಡವೋದು, ಹೊಸ್ತಿಲೂ ಬಿಡೋದಿಲ್ಲ ಅಂತ.

ಇಲ್ಲಿ ಊರಿನವರಿಗೆ ತಿನ್ನೋಕೇ ಇರಲಿಲ್ಲ ಕಣೆ. ಬೆಳೆದ ರಾಗಿ ಇತ್ತು, ಹಿಟ್ಟು ಮಾಡೋಕೆ ಕಲ್ಲಿಲ್ಲ. ಕಾಳು ಬೇಯಿಸಿ ತಿಂದ್ರು, ಹುರಿದು ತಿಂದ್ರು, ಮಕ್ಕಳಿಗೆಲ್ಲಾ ಹೊಟ್ಟೆನೋವು. ಹಲ್ಲಿಲ್ಲದ ಕೆಂಚವ್ವನಂಥೋರಿಗೆ ಅದೂ ಇಲ್ಲ, ಅಂಬಲಿ ಕಾಯಿಸೋಕೆ ಹಿಡಿ ಹಿಟ್ಟಿಲ್ಲದೆ ಮುದುಕಿ ಗೋಡೆಗೆ ಒರಗಿ ಒಣಗ್ತಾ ಕೂತಿದ್ಳು.

ಆಮೇಲೆ ನಾಯಕನ ದೊಡ್ಡ ಮಗ ಬಂದ್ನಂತೆ. ಅಪ್ಪಾಜಿ, ಇದೇನು ಮಹಾ, ನಾನು ಸರಿಮಾಡ್ತೀನಿ ಅಂದ. ಕೆರೆ ಮಣ್ಣು ಕಲಸಿ ಸಾವಿರ ಬಾಯಿಗೂ ಮೆತ್ತಿಸಿದ. ಒಂದು ದಿನ ಗೋಡೆ ಸುಮ್ಮನಿತ್ತು. ಮಾರನೇ ದಿನ ಬಿಸಿಲಿಗೆ ಮಣ್ಣು ಬಿರೀತು, ಗಾಳಿ ತಳ್ಳಿತು, ಮುದ್ದೆ ಮುದ್ದೆ ಎಲ್ಲಾ ಉದುರಿ ಅರಮನೆ ಅಂಗಳಕ್ಕೇ ಬಿದ್ವು. ನಾಯಕ ಕಾವಲಿನವರನ್ನ ಕರೆದು, ಯಾರೋ ಕವಣೆ ಬೀಸ್ತಿದ್ದಾರೆ ಅಂತ ಬೊಬ್ಬೆ ಹೊಡೆದ.

ನಡುವಿನ ಮಗ ಬಂದ. ಅಳೋ ಕಲ್ಲಿನ ಸದ್ದು ಮುಚ್ಚೋಕೆ ಅದಕ್ಕಿಂತ ದೊಡ್ಡ ಸದ್ದು ಬೇಕು ಅಂದ. ನಗಾರಿ ತಂದ, ಕಹಳೆ ತಂದ, ನಲವತ್ತು ಜನ ಹಗಲೂ ರಾತ್ರಿ ಢಣಢಣ ಅಂತ ಬಾರಿಸಿದ್ರು. ನಾಯಕನ ನಿದ್ದೆ ಜೊತೆಗೆ ಊರಿನ ನಿದ್ದೆಯೂ ಹೋಯ್ತು. ಹಸುಗಳು ಬೆದರಿ ಹಾಲು ಬಿಡಲಿಲ್ಲ, ತೊಟ್ಟಿಲ ಮಕ್ಕಳು ಬಾಯಿ ಮುಚ್ಚಲಿಲ್ಲ, ಬಾರಿಸೋರು ಮಾತ್ರ ಮೂರನೇ ದಿನಕ್ಕೆ ನಗಾರಿ ಮೇಲೇ ತಲೆಯಿಟ್ಟು ಗೊರಕೆ ಹೊಡೆದ್ರಂತೆ. ಅವರನ್ನ ನೋಡಿ ನಾಯಕನಿಗೆ ಹೊಟ್ಟೆಕಿಚ್ಚು.

ಕೊನೇ ಮಗ ಬಂದ. ಅಣ್ಣಂದಿರಾ, ಸದ್ದನ್ನ ನಿಲ್ಲಿಸೋಕಾಗಲ್ಲ, ಅಪ್ಪಾಜಿಯನ್ನೇ ಸದ್ದಿಲ್ಲದ ಕಡೆ ಮಲಗಿಸಾಣ ಅಂದ. ಹಗೇವು ಗೊತ್ತಲ್ಲ, ನೆಲದೊಳಗೆ ಗುಂಡಿ ತೋಡಿ ಕಾಳು ಸುರಿದಿಡೋದು? ಅಂಥಾ ಒಂದು ಖಾಲಿ ಹಗೇವಿನೊಳಕ್ಕೆ ಹಾಸಿಗೆ ಇಳಿಸಿ, ನಾಯಕನನ್ನೂ ಇಳಿಸಿ, ಬಾಯಿಗೆ ಹಲಗೆ ಮುಚ್ಚಿ, ಉಸಿರಾಡೋಕೆ ಒಂದು ಸಂದಿ ಬಿಟ್ರಂತೆ. ಒಳಗೆ ಒಂದು ಸೊಳ್ಳೆ ಸದ್ದೂ ಇಲ್ಲ. ಗಾಳಿ ಇಲ್ಲ, ಗೋಡೆ ಇಲ್ಲ, ನಗಾರಿ ಇಲ್ಲ. ನಾಯಕ ಈ ಮಗ್ಗುಲಾದ, ಆ ಮಗ್ಗುಲಾದ. ನಿದ್ದೆ ಬರಲಿಲ್ಲ. ಸುಮ್ಮನೆ ಕಾಯ್ತಾ ಮಲಗಿದ. ಏನನ್ನ ಕಾಯ್ತಿದ್ದೀನಿ ಅಂತ ಅವನಿಗೇ ಗೊತ್ತಾಗಲಿಲ್ಲ. ಕಾದು ಕಾದು ಸಾಕಾಗಿ ಹಲಗೆ ಬಡಿದ. ಏನೋ ಇದು, ಇನ್ನೂ ಬೆಳಗಿನ ಜಾವ ಆಗಲಿಲ್ವಾ, ಊರಲ್ಲಿ ಬೀಸೋ ಸದ್ದೇ ಕೇಳ್ತಿಲ್ಲವಲ್ಲೋ ಅಂದ.

ಕೊನೇ ಮಗ ಹಲಗೆ ಸರಿಸಿದ. ಮೇಲೆ ಸೂರ್ಯ ನೆತ್ತಿ ಮೇಲಿದ್ದಾನೆ! ಆ ಹುಡುಗ ಅಂದ್ನಂತೆ, ಅಪ್ಪಾಜಿ, ಬೆಳಗಾಗಿ ಎಷ್ಟೊತ್ತಾಯ್ತು. ಬೀಸೋ ಸದ್ದು ಎಲ್ಲಿಂದ ಬರಬೇಕು? ಕಲ್ಲೆಲ್ಲಾ ನಿಮ್ಮ ಗೋಡೇಲಿವೆ.

ಆಗ ನಾಯಕನಿಗೆ ಕೆಂಚವ್ವನ ಕಾಲಿನ ಮೇಲೆ, ಆ ಸದ್ದಿಗೇ ಮಲಗ್ತಿದ್ದದ್ದು ನೆನಪಾಯ್ತಂತೆ. ಆಮೇಲೆ ಏಣಿ ಹತ್ತಿ ಮೇಲೆ ಬಂದ. ಪೇಟ ಹಾಕ್ಕೊಳ್ಳಲಿಲ್ಲ, ಮೆಟ್ಟು ಮೆಟ್ಟಲಿಲ್ಲ, ದಡದಡ ಗುಡ್ಡ ಇಳಿದು ಸೀದಾ ಕೆಂಚವ್ವನ ಮನೆ ಮುಂದೆ ಹೋಗಿ ನಿಂತ. ಮುದುಕಿ ಗೋಡೆಗೆ ಒರಗಿ ಕೂತಿದ್ದೋಳು ಕಣ್ಣಿಗೆ ಕೈ ಅಡ್ಡ ಹಿಡಿದು, ಯಾರಪ್ಪಾ ಅಂದ್ಳು.

ನಾನವ್ವಾ. ತಿಪ್ಪ.

ಬಾ ಮಗ ಅಂದ್ಳು. ಬೈಲಿಲ್ಲ ಕಣೆ ಅವಳು. ನಾನಾಗಿದ್ರೆ ಪೊರಕೆ ಎತ್ಕೊಳ್ತಿದ್ದೆ. ಏನಾಯ್ತೋ, ಇಷ್ಟು ಸೊರಗಿದ್ದೀಯಲ್ಲ ಅಂದ್ಳು. ಅವ್ವಾ, ನಿದ್ದೆ ಬರ್ತಿಲ್ಲ, ಚಿಕ್ಕೋನಿದ್ದಾಗ ಮಲಗಿಸ್ತಿದ್ಯಲ್ಲ, ಹಂಗೇ ಒಂದ್ಸಾರಿ ಮಲಗಿಸು ಅಂತ ಅಷ್ಟು ದೊಡ್ಡ ಗಂಡಸು ಗಳಗಳ ಅತ್ತುಬಿಟ್ಟ. ಅವಳು ಅವನ ತಲೆ ಸವರಿದ್ಳು, ಆಮೇಲೆ ನೆಲದ ಕಡೆ ಕೈ ತೋರಿಸಿದ್ಳು. ಅಲ್ಲಿ ಬೀಸೋಕಲ್ಲಿನ ಕೆಳಗಿನ ಹೋಳು ಒಂಟಿ ಕೂತಿತ್ತು. ಏನಿಟ್ಟು ಮಲಗಿಸ್ಲಪ್ಪಾ, ಇದರ ಜೋಡಿ ನಿನ್ನ ಗೋಡೇಲಿದೆ. ತಂದ್ಕೊಡು, ಮಲಗಿಸ್ತೀನಿ ಅಂದ್ಳು.

ಒಂದು ಕಲ್ಲು ತಾನೇ ಅಂತ ನಾಯಕ ಮತ್ತೆ ಗುಡ್ಡ ಹತ್ತಿದ. ಮೂರನೇ ಗೋಡೆ ಮೇಲಿಂದ ಒಂದು ಕಲ್ಲು ಮೀಟಿ, ತಲೆ ಮೇಲಿಟ್ಕೊಂಡು ತಂದ. ಕೆಳಗಿನ ಕಲ್ಲಿನ ಮೇಲಿಟ್ರೆ ಅದು ಕೂರಲೇ ಇಲ್ಲ, ಗಡಗಡ ಅಲ್ಲಾಡ್ತು. ಯಾಕಂದ್ರೆ ಎಷ್ಟೋ ವರ್ಷ ಒಂದಕ್ಕೊಂದು ಉಜ್ಜಿ ಉಜ್ಜಿ ಸವೆದಿರೋ ಜೋಡಿ ಅದು, ಬೇರೆಯದು ಒಪ್ಪಲ್ಲ. ಇದು ನಂದಲ್ಲ ಮಗ ಅಂದ್ಳು ಕೆಂಚವ್ವ. ಅಷ್ಟರಲ್ಲಿ ಪಕ್ಕದ ಮನೆಯೋಳು ಬಾಗಿಲಿಗೆ ಬಂದು, ಅಯ್ಯೋ ಇದು ನಂದು, ಈ ಮೂಲೆ ಒಡೆದಿರೋದು ನೋಡಿ, ನಮ್ಮತ್ತೆ ಒಡೆದಿದ್ದು ಅಂತ ಎತ್ಕೊಂಡು ಹೋದ್ಳು. ನಾಯಕ ಎರಡನೇದು ತಂದ. ಅದು ಮೇಲಿನ ಬೀದಿಯ ಬಾಣಂತಿದಂತೆ. ಮೂರನೇದು ತಂದ. ಅದು ಎದುರು ಮನೆ ಸಿದ್ದವ್ವಂದು, ಗೂಟಕ್ಕೆ ಇನ್ನೂ ಅವಳು ಸುತ್ತಿದ್ದ ಬಟ್ಟೆಯೇ ಇತ್ತಂತೆ.

ಆಮೇಲೆ ನಾಯಕ ಸೂರಪ್ಪನ್ನ ಹಿಡ್ಕೊಂಡ. ಲೋ, ನಮ್ಮವ್ವನ ಕಲ್ಲು ಎಲ್ಲಿ ಇಟ್ಟಿದ್ದೀಯೋ ತೋರಿಸು ಅಂದ. ಸೂರಪ್ಪ ತಲೆ ಕೆರ್ಕೊಂಡ. ಬುದ್ದಿ, ಆ ಅವ್ವ ಎಲ್ಲರಿಗಿಂತ ಮೊದಲು ತಂದುಕೊಟ್ಳು. ಮೊದಲು ಬಂದಿದ್ದನ್ನ ಮೊದಲು ಇಟ್ಟೆ. ಅದು ಬುಡದಲ್ಲಿದೆ, ಅದರ ಮೇಲೇ ಗೋಡೆ ಪೂರ್ತಿ ನಿಂತಿರೋದು ಅಂದ.

ಗೋಡೆ ಪೂರ್ತಿ ಇಳಿಸದೆ ಆ ಒಂದು ಕಲ್ಲು ಬರಲ್ಲ! ನಾಯಕ ಗೋಡೆ ನೋಡಿದ. ಆ ಕಡೆ ಪಕ್ಕದ ಸೀಮೆ ನೋಡಿದ, ಕಣ್ಣಿಗೆ ದೂಳು ಎದ್ದ ಹಾಗೇ ಕಾಣಿಸ್ತು. ಈ ಗೋಡೆ ಇಲ್ಲದಿದ್ರೆ ನಾನು ಬದುಕ್ತೀನಾ ಅಂದ್ಕೊಂಡ. ಈ ಕಡೆ ಊರು ನೋಡಿದ, ಒಂದು ಮನೇಲೂ ಹೊಗೆ ಇಲ್ಲ. ಅಷ್ಟು ದಿನ ಅವನು ಊರಿನ ಕಡೆ ನೋಡೇ ಇರಲಿಲ್ಲ ಕಣೆ, ನೋಡಿದ್ದೆಲ್ಲಾ ದೂರದ ದಾರಿ. ಆಮೇಲೆ ಹಾರೆ ಎತ್ಕೊಂಡ.

ಮೂರು ದಿನ ಹೊತ್ನಂತೆ. ಮೊದಲನೇ ದಿನ ಒಬ್ಬನೇ. ಎರಡನೇ ದಿನ ಮೂರು ಜನ ಮಕ್ಕಳೂ ಬಂದ್ರು. ಮೂರನೇ ದಿನ ಊರಿಗೆ ಊರೇ ಬಂತು. ಒಂದೊಂದು ಕಲ್ಲು ಇಳಿದಾಗಲೂ ಒಬ್ಬಳು ಓಡಿ ಬಂದು, ಇದು ನಮ್ಮದು, ಇದು ನಮ್ಮ ತೌರಿಂದ ಬಂದದ್ದು ಅಂತ ಗುರ್ತು ಹಿಡಿಯೋಳು. ಒಂದು ಕಲ್ಲಿಗೆ ಇಬ್ಬರು ಓರಗಿತ್ತಿಯರು ಜಡೆ ಹಿಡ್ಕೊಂಡು ಜಗಳಾಡಿದ್ದೂ ಆಯ್ತಂತೆ. ಒಂದು ಕಡೆ ಗೋಡೆ ಇಳೀತಾ ಬಂತು, ಇನ್ನೊಂದು ಕಡೆ ಊರಲ್ಲಿ ಒಂದೊಂದೇ ಮನೇಲಿ ಗರ್ರ್ ಗರ್ರ್ ಶುರುವಾಯ್ತು. ನಾಯಕನ ಹೆಗಲು ಸುಲಿದು ರಕ್ತ ಬಂತು. ತಗ್ಗಿಸಿದ ತಲೆ ಎತ್ತಲಿಲ್ಲ ಅವನು.

ಕೊನೆಗೆ, ಮೂರನೇ ದಿನ ಇಳಿಹೊತ್ತಿಗೆ, ಬುಡದಲ್ಲಿ ಒಂದೇ ಒಂದು ಕಲ್ಲು ಉಳೀತು. ಬೆನ್ನ ತುಂಬಾ ಗಾರೆ ಮೆತ್ತಿತ್ತು. ಅದನ್ನ ಎಬ್ಬಿಸಿ, ಕೂಸನ್ನ ಎತ್ಕೊಂಡ ಹಾಗೆ ಎದೆಗವಚಿಕೊಂಡು ಇಳಿದು, ಕೆಂಚವ್ವನ ಕಲ್ಲಿನ ಮೇಲಿಟ್ಟ. ಕೂತ್ಕೊಳ್ತು. ಅಲ್ಲಾಡಲಿಲ್ಲ.

ಕೆಂಚವ್ವ ಕಾಲು ಚಾಚಿ ಕೂತ್ಳು. ಗೂಟಕ್ಕೆ ಕೈ ಹಾಕಿದ್ಳು. ತಿರುಗಿಸೋಕೆ ಅವಳ ಕೈಲಿ ಶಕ್ತಿ ಎಲ್ಲಿದೆ? ಆಗ ನಾಯಕ, ನೀನು ಕಾಳು ಹಾಕವ್ವಾ ಸಾಕು, ನಾನು ಬೀಸ್ತೀನಿ ಅಂದ. ಎದುರು ಬದುರು ಕೂತ್ರು. ಅವಳು ಒಂದೊಂದು ಹಿಡಿ ರಾಗಿ ಕಲ್ಲಿನ ಬಾಯಿಗೆ ಹಾಕೋಳು, ಅವನು ತಿರುಗಿಸೋನು. ಗರ್ರ್, ಗರ್ರ್. ಕಲ್ಲಿನ ಅಂಚಲ್ಲಿ ಹಿಟ್ಟು ಉದುರ್ತಾ ಬಂತು. ಆ ಹಿಟ್ಟಲ್ಲೇ ಕೆಂಚವ್ವನ ಮಗಳು ಅಂಬಲಿ ಕಾಯಿಸಿ ತಂದ್ಕೊಟ್ಳು, ಮುದುಕಿ ಎರಡು ಗುಟುಕು ಕುಡಿದು, ಅಪ್ಪಾ ದೇವರೇ ಅಂದ್ಳು. ಅಂದು ತಲೆ ಎತ್ತಿ ನೋಡಿದ್ರೆ ಕಲ್ಲು ನಿಂತಿದೆ. ನಾಯಕ ಗೂಟ ಹಿಡ್ಕೊಂಡ ಹಾಗೇ, ಕಲ್ಲಿನ ಮೇಲೆ ಕೆನ್ನೆಯಿಟ್ಟು ಮಲಗಿಬಿಟ್ಟಿದ್ದಾನೆ. ಮುಖ ತುಂಬಾ ಹಿಟ್ಟು.

ಮಕ್ಕಳು ಪಲ್ಲಕ್ಕಿ ತಂದ್ರು, ಅರಮನೆಗೆ ಕರ್ಕೊಂಡು ಹೋಗ್ತೀವಿ ಅಂದ್ರು. ಕೆಂಚವ್ವ ಬಾಯಿ ಮೇಲೆ ಬೆರಳಿಟ್ಳು. ಶ್, ಕಲ್ಲು ನಿಂತ ಮೇಲೂ ಏಳಲಿಲ್ಲ ನೋಡ್ರೋ, ಇವತ್ತು ದೊಡ್ಡೋನಾದ ನನ್ನ ಮಗ, ಮಲಗ್ಲಿ ಬಿಡಿ ಅಂದ್ಳಂತೆ.

ಮೂರು ದಿನ ಮೂರು ರಾತ್ರಿ ಮಲಗಿದ್ನಂತೆ. ಎದ್ದೋನೇ ಎರಡನೇ ಸುತ್ತಿನ ಮೇಲುಸಾಲಿನ ಕಲ್ಲು ಇಳಿಸಿ ಬಾವಿಗೆ ಮೆಟ್ಟಿಲು ಕಟ್ಟಿಸಿದ, ಅರಳಿಕಟ್ಟೆ ಕಟ್ಟಿಸಿದ. ಮೂರನೇ ಗೋಡೆ ಇದ್ದ ಜಾಗದಲ್ಲಿ ಊರು ಬೆಳೆದು ಒಂದು ಬೀದಿಯೇ ಆಯ್ತು. ಏನು? ಪಕ್ಕದ ಸೀಮೆ ಪಾಳೆಗಾರನಾ? ಬಂದ್ನಂತೆ ಒಂದ್ಸಾರಿ. ಊರಿನವರೆಲ್ಲಾ ಓಡಿ ಹೋಗದೆ ನಾಯಕನ ಜೊತೆ ಗೋಡೆ ಮೇಲೆ ನಿಂತ್ರಂತೆ, ಎರಡು ಸುತ್ತೇ ಸಾಕಾಯ್ತು.

ಮತ್ತೆ ಆ ಕೆಂಚವ್ವನಿಗೆ ತನ್ನ ಕಲ್ಲು ಬುಡದಲ್ಲಿದೆ ಅಂತ ಗೊತ್ತಿತ್ತಾ ಅಂತ ಕೇಳ್ತೀಯಾ? ನಮ್ಮಜ್ಜಿ, ಪಾಪ ಅವಳಿಗೇನು ಗೊತ್ತು ಅನ್ನೋಳು. ನನ್ನ ಕೇಳಿದ್ರೆ, ಗೊತ್ತಿಲ್ಲದೆ ಏನು. ಮೊದಲು ಉರುಳಿಸ್ಕೊಂಡು ಹೋದೋಳೇ ಅವಳು.

ನಮ್ಮ ಹಿತ್ತಲಲ್ಲಿ ಗೋಡೆಗೆ ಒರಗಿಸಿರೋ ಬೀಸೋಕಲ್ಲು ಇದೆಯಲ್ಲ, ಅದರ ಬೆನ್ನಿಗೂ ಒಂಚೂರು ಗಾರೆ ಅಂಟಿದೆ. ಯಾವ ಗೋಡೇದೋ ಏನೋ, ನಾನು ಕೆರೆಯೋಕೆ ಹೋಗಿಲ್ಲ. ಈಗ ಹೂಂಂಂ ಅಂತಿದೆಯಲ್ಲ, ಅದೇ ಅದು. ನಾಳೆ ಬೆಳಗಾಗಲಿ, ಒಂದು ಹಿಡಿ ರಾಗಿ ಹಾಕಿ ಇಬ್ಬರೂ ಒಂದ್ಸುತ್ತು ತಿರುಗಿಸಾಣ, ಸುಮ್ಮನಾಗುತ್ತೆ.

ಅಲ್ಲಿಗೆ ನಾಯಕನೂ ಮಲಗಿದ, ಊರೂ ಮಲಗಿತು, ಕತೆ ಮುಗೀತು. ಏನೇ? ಕೇಳಿಸ್ತಾ? ಓಹೋ. ಮಲಗೇ ಬಿಟ್ಳು. ನನ್ನ ಕೈ ಬಿಡೇ ಮಾರಾಯ್ತಿ, ಗೂಟ ಹಿಡ್ಕೊಂಡ ಹಾಗೆ ಹಿಡ್ಕೊಂಡಿದ್ದಾಳೆ. ಇರ್ಲಿ. ಇರ್ಲಿ ಬಿಡು.